ದೊಡ್ಡ ಕಾರ್ಖಾನೆಯ ಕೆಲಸ: ಗೇಟಿನ ಒಳಗೇನಿದೆ?

ಹುಡುಗ ಎಚ್‌ಎಂಟಿಯಲ್ಲಿದ್ದಾನೆ ಎಂದರೆ ಹೆಣ್ಣಿನ ಕಡೆಯವರು ತಾವಾಗಿ ಹುಡುಕಿಕೊಂಡು ಬರುತ್ತಿದ್ದ ಕಾಲವೊಂದಿತ್ತು. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಆ ಸಂಸ್ಥೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರಕ್ಕೂ ಕೈಹಾಕಿತು. ಕ್ವಾರ್ಟರ್ಸು, ಆಸ್ಪತ್ರೆ, ಕ್ಯಾಂಟೀನು, ನಿವೃತ್ತಿಯವರೆಗೆ ಅಲುಗಾಡದ ನೌಕರಿ. ದೊಡ್ಡ ಕಾರ್ಖಾನೆ ಎಂದರೆ ಅದೊಂದು ಲೋಕ. ಕೈಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ತೀರ್ಮಾನಿಸಿತು. ಆದರೂ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಅನೇಕ ಹೆತ್ತವರ ಮನಸ್ಸಿನಲ್ಲಿ ಕಾರ್ಖಾನೆಯ ಚಿತ್ರ ಇನ್ನೂ ಅದೇ. ಐಟಿಐ ಮುಗಿಸಿದ ಮಗನನ್ನು, ಈಗ ಮಗಳನ್ನೂ, ಆ ಚಿತ್ರವನ್ನು ನಂಬಿಯೇ ಕಳುಹಿಸುತ್ತಾರೆ.

ಒಳಗಿನ ಕೆಲಸ ಹೇಗಿರುತ್ತದೆ? ದೂರ ಹೋಗಬೇಕಿಲ್ಲ. ಹಾಸನದ ವಿಶೇಷ ಆರ್ಥಿಕ ವಲಯದಲ್ಲಿರುವ ಹಿಮತ್‌ಸಿಂಗ್‌ಕಾ ಸಂಸ್ಥೆಯ ನೂಲಿನ ಗಿರಣಿಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸ್ಪಿಂಡಲ್‌ಗಳಿವೆ. ಯಾವುದೇ ನೂಲಿನ ಗಿರಣಿಯಲ್ಲೂ ಗಾಳಿಗೆ ತೇವ ಕೊಡಲೇಬೇಕು, ಒಣಗಿದರೆ ಎಳೆ ಪಟಪಟನೆ ಕಡಿಯುತ್ತದೆ. ಕಡಿದ ಎಳೆಯನ್ನು ಓಡುವ ಯಂತ್ರದಲ್ಲೇ ಬೆರಳಿನಿಂದ ಕೂಡಿಸುವುದು ಅಲ್ಲಿನ ಮುಖ್ಯ ಕೈಚಳಕ. ಅದಕ್ಕಾಗಿ ಯಂತ್ರಗಳ ಸಾಲಿನ ನಡುವೆ ಇಡೀ ಪಾಳಿ ನಡೆಯುತ್ತಲೇ ಇರಬೇಕು. ಸದ್ದು ಕಿವಿಗೆ, ಅರಳೆಯ ದೂಳು ಮೂಗಿಗೆ. ಮುಖಗವುಸು ಸೆಕೆ ಎಂದು ಕೆಳಗೆ ಸರಿಸುವ ಹುಡುಗಿಯರಿಗೆ ಮನೆಯವರೇ ಬುದ್ಧಿ ಹೇಳಬೇಕು.

ಬಿಡದಿಯ ಟೊಯೊಟಾ ಕಾರ್ಖಾನೆಯದು ಇನ್ನೊಂದು ಬಗೆ. ಅಲ್ಲಿ ಕೆಲಸಗಾರ ನಡೆಯುವುದು ಕಡಿಮೆ, ಕಾರೇ ಅವನ ಮುಂದೆ ಸರಿದು ಬರುತ್ತದೆ. ತನ್ನ ಪಾಲಿನ ನಾಲ್ಕಾರು ಬೋಲ್ಟುಗಳನ್ನು ಗೊತ್ತಾದ ಸೆಕೆಂಡುಗಳಲ್ಲಿ ಬಿಗಿಯಬೇಕು, ಅಷ್ಟರಲ್ಲಿ ಮುಂದಿನದು ಹಾಜರು. ತಪ್ಪು ಕಂಡರೆ 'ಆಂಡಾನ್' ಹಗ್ಗ ಎಳೆದು ಮೇಲಿನವರನ್ನು ಕರೆಯುವ, ಅಗತ್ಯವಾದರೆ ಸಾಲನ್ನೇ ನಿಲ್ಲಿಸುವ ಅಧಿಕಾರ ಸಾಮಾನ್ಯ ಕೆಲಸಗಾರನಿಗೂ ಇರಬೇಕೆಂಬುದು ಟೊಯೊಟಾ ಪದ್ಧತಿಯ ಹೆಗ್ಗಳಿಕೆ. ಹಳ್ಳಿಯ ಹುಡುಗನಿಗೆ ಬೋಲ್ಟು ಬಿಗಿಯುವುದಕ್ಕಿಂತ ಈ ಹಗ್ಗ ಎಳೆಯುವ ಧೈರ್ಯ ಕಲಿಯುವುದೇ ಕಷ್ಟ! 2007ರಲ್ಲಿ ಅಲ್ಲೇ ಆರಂಭವಾದ ತರಬೇತಿ ಸಂಸ್ಥೆ ಎಸ್ಸೆಸ್ಸೆಲ್ಸಿ ಪಾಸಾದ ಬಡ ಗ್ರಾಮೀಣ ಮಕ್ಕಳಿಗೆ ವಸತಿಸಹಿತ ಮೂರು ವರ್ಷದ ಶಿಕ್ಷಣ ನೀಡುತ್ತ ಬಂದಿದೆ.

ದುಡಿಮೆಯ ಭಾರವನ್ನು ಹರೆಯದ ಮೈ ಹೇಗೋ ತಾಳುತ್ತದೆ. ಮೋಸ ಹೋಗುವುದು ಕಾಗದದಲ್ಲಿ. ಗೇಟಿನ ಮೇಲೆ ಕಂಪನಿಯ ಹೆಸರು, ನೇಮಕಪತ್ರದ ಮೇಲೆ ಗುತ್ತಿಗೆದಾರನ ಹೆಸರು! ಒಂದೇ ಯಂತ್ರದ ಅಕ್ಕಪಕ್ಕ ಕಾಯಂ ನೌಕರನೂ ಗುತ್ತಿಗೆ ನೌಕರನೂ ನಿಂತಿರಬಹುದು, ಸಂಬಳ ಮಾತ್ರ ಬೇರೆ ಬೇರೆ. ಅಪ್ರೆಂಟಿಸ್ ಆದವನಿಗೆ ಸಿಗುವುದು ಸ್ಟೈಪೆಂಡು, ಸಂಬಳವಲ್ಲ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂದು 1961ರ ಅಪ್ರೆಂಟಿಸ್ ಕಾಯ್ದೆ ಮಾಲೀಕನನ್ನು ಕಟ್ಟಿಹಾಕಿಲ್ಲ. ಇದನ್ನು ಮೊದಲೇ ತಿಳಿದು ಹೋದವನಿಗೆ ಆ ಒಂದು ವರ್ಷ ಕಲಿಕೆಯಾಗುತ್ತದೆ, ತಿಳಿಯದೆ ಹೋದವನಿಗೆ ನಿರಾಸೆ.

ಹಾಗೆಯೇ ಪಿ.ಎಫ್. ನೌಕರನ ಮೂಲ ವೇತನ ಮತ್ತು ತುಟ್ಟಿಭತ್ಯೆಯಲ್ಲಿ ಸಾಮಾನ್ಯವಾಗಿ ಶೇ. 12 ಕಡಿತ, ಮಾಲೀಕನೂ ಅಷ್ಟೇ ಸೇರಿಸಬೇಕು. 'ಕೈಗೆ ಬರುವುದೇ ಇಷ್ಟು, ಅದರಲ್ಲೂ ಹಿಡಿಯುತ್ತಾರೆ' ಎಂದು ಗೊಣಗುವವರು 2016ರ ಏಪ್ರಿಲ್ ತಿಂಗಳನ್ನು ನೆನೆಯಬೇಕು. ಆ ಹಣ ಹಿಂಪಡೆಯಲು ಕೇಂದ್ರ ಹಾಕಿದ್ದ ಹೊಸ ನಿರ್ಬಂಧದ ವಿರುದ್ಧ ಬೆಂಗಳೂರಿನ ಸಿದ್ಧಉಡುಪು ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಎರಡು ದಿನ ರಸ್ತೆಗಿಳಿದರು, ಆದೇಶ ವಾಪಸಾಯಿತು. ಮಗಳ ಮದುವೆಗೆ, ಮನೆಯ ಸೂರಿಗೆ ಅವರಿಗಿದ್ದ ಗಂಟು ಅದೊಂದೇ.

ಇನ್ನು ಪಾಳಿ. ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಹಗಲು ನಿದ್ದೆ ಬೇಕು. ಒಂದೇ ಕೋಣೆಯಲ್ಲಿ ಬೇರೆ ಬೇರೆ ಪಾಳಿಯವರು ಇದ್ದರೆ ಅದಾಗದು. ಹಾಸನದಿಂದ ಚನ್ನರಾಯಪಟ್ಟಣದ ಮೇಲೆ ಬೆಂಗಳೂರಿಗೆ 2017ರಿಂದ ರೈಲು ಓಡುತ್ತಿದೆ, ಊರು ಹತ್ತಿರವಾಗಿದೆ ನಿಜ. ಆದರೆ ವಾರದ ರಜೆ ಎಲ್ಲರಿಗೂ ಭಾನುವಾರವೇ ಬರುವುದಿಲ್ಲ. ಊರ ಜಾತ್ರೆಗೆ ಮಗ ಬರಲಿಲ್ಲವೆಂದು ಮುನಿಸಿಕೊಳ್ಳುವ ಮೊದಲು, ಈ ವಾರ ಅವನದು ಯಾವ ಪಾಳಿ ಎಂದು ಕೇಳುವುದು ಒಳ್ಳೆಯದು.