ಇಪ್ಪತ್ತೈದು ಡಾಲರಿನ ಮೀನು, ಇಪ್ಪತ್ತು ವರ್ಷದ ಲೆಕ್ಕ

ಹೆಬ್ಬೆರಳುದ್ದದ ಒಂದು ಕ್ಲೌನ್ ಲೋಚ್ ಮರಿಗೆ 25 ಡಾಲರ್ ಎಂದು ಹಿಡಿಯೋಣ. ಆರು ಮರಿಗೆ 150. ಆಸ್ಟ್ರೇಲಿಯಾದ ಪರ್ತ್ ನಗರದ ಬೆಂಟ್ಲಿಯಲ್ಲಿ ಮನೆ ಮಾಡಿಕೊಂಡು ಈ ಆರು ಮೀನನ್ನು ಅವುಗಳ ಆಯುಸ್ಸು ಮುಗಿಯುವವರೆಗೆ ಸಾಕಿದರೆ ತಗಲುವ ಒಟ್ಟು ಖರ್ಚಿನಲ್ಲಿ ಈ 150 ಡಾಲರ್ ನೂರಕ್ಕೆ ಒಂದು ಪಾಲೂ ಅಲ್ಲ. ಉಳಿದ ತೊಂಬತ್ತೊಂಬತ್ತು ಪಾಲು ಎಲ್ಲಿಗೆ ಹೋಗುತ್ತದೆ ಎಂದು ಕೂತು ಲೆಕ್ಕ ಹಾಕಿದ್ದೇನೆ. ಸಾಮಾನಿನ ಬೆಲೆಗಳು ನಾನು ಲೆಕ್ಕಕ್ಕಾಗಿ ಹಿಡಿದ ದುಂಡು ಸಂಖ್ಯೆಗಳು, ಅಂಗಡಿಯಿಂದ ಅಂಗಡಿಗೆ ಹೆಚ್ಚುಕಮ್ಮಿ ಆಗುತ್ತವೆ. ನೀರಿನ ತೂಕ, ಶಾಖ, ಕರೆಂಟಿನ ಲೆಕ್ಕ ಮಾತ್ರ ಯಾವ ಅಂಗಡಿಗೆ ಹೋದರೂ ಅಷ್ಟೇ.

ಮೊದಲು ಮೀನಿನ ಪರಿಚಯ. ಸುಮಾತ್ರಾ ಮತ್ತು ಬೋರ್ನಿಯೊ ದ್ವೀಪಗಳ ನದಿಯದು. ಕಿತ್ತಳೆ ಮೈ, ಮೂರು ದಪ್ಪ ಕಪ್ಪು ಪಟ್ಟೆ, ಕೆಂಪು ಈಜುರೆಕ್ಕೆ, ಬಾಯಿಯ ಸುತ್ತ ಸಣ್ಣ ಮೀಸೆ. 1852ರಲ್ಲಿ ಡಚ್ ಮೀನುತಜ್ಞ ಬ್ಲೀಕರ್ ಇದನ್ನು ಮೊದಲು ವಿವರಿಸಿದ. 2004ರಲ್ಲಿ ಕೋಟೆಲಾ ಎಂಬ ತಜ್ಞ ಇದಕ್ಕೊಂದೇ ಪ್ರತ್ಯೇಕ ಕುಲ ಮಾಡಿ ಕ್ರೋಮೊಬೋಟಿಯಾ ಎಂದು ಕರೆದ. ನಮ್ಮ ಕಡೆಯವರಾದರೆ ಕೋಡಂಗಿ ಮೀನು ಎಂದೇ ಕರೆಯುತ್ತಿದ್ದರೇನೋ, ಬಣ್ಣವೂ ಹಾಗೆ, ಆಟವೂ ಹಾಗೆ. ಹೊಟ್ಟೆ ತುಂಬಿದ ಮೇಲೆ ಕಲ್ಲಿನ ಪಕ್ಕ ಅಡ್ಡಬಿದ್ದು, ಒಂದು ಕಣ್ಣು ಮೇಲೆ ಮಾಡಿ ಅಲುಗಾಡದೆ ಮಲಗುತ್ತದೆ. ಮೊದಲ ಸಲ ನೋಡಿದಾಗ ಸತ್ತೇಹೋಯಿತು ಅಂದುಕೊಂಡು ತೋಳು ಮಡಿಸಿ ನೀರಿಗೆ ಕೈ ಹಾಕಿದೆ. ಬೆರಳು ತಾಗುವಷ್ಟರಲ್ಲಿ ಚಂಗನೆ ಹಾರಿ ಮರದ ಬೇರಿನ ಸಂದಿಗೆ ನುಗ್ಗಿತು, ಒಳಗಿಂದ ಟಕ್ ಟಕ್ ಎಂದು ಸದ್ದು ಬೇರೆ. ಉಗುರಿನಿಂದ ಗಾಜು ತಟ್ಟಿದ ಹಾಗೆ. ಊಟ ಸಿಕ್ಕಾಗ, ಜಗಳ ಆಡುವಾಗ ಇವು ಹೀಗೆ ಸದ್ದು ಮಾಡುತ್ತವೆ.

ಈಗ ಅಸಲು ಅಂಕಿ. ಅಂಗಡಿಯಲ್ಲಿ 5 ಸೆಂ.ಮೀ. ಇರುವ ಈ ಮರಿ ಚೆನ್ನಾಗಿ ಸಾಕಿದರೆ 20 ಸೆಂ.ಮೀ. ಆಗುತ್ತದೆ, ಹೊಳೆಯಲ್ಲಿ 30ರವರೆಗೂ ಹೋಗುತ್ತದೆ. ಇಪ್ಪತ್ತು ವರ್ಷ ದಾಟಿ ಬದುಕುವುದು ಅಪರೂಪವೇನಲ್ಲ. ಉದ್ದ ನಾಲ್ಕು ಪಟ್ಟು ಆದಾಗ ತೂಕ ನಾಲ್ಕು ಪಟ್ಟಲ್ಲ. ಉದ್ದ, ಅಗಲ, ದಪ್ಪ ಮೂರೂ ಬೆಳೆಯುವುದರಿಂದ ಅರವತ್ತನಾಲ್ಕು ಪಟ್ಟು. ಎರಡು ಗ್ರಾಮಿನ ಮರಿ ಸುಮಾರು 128 ಗ್ರಾಂ ಆಗುತ್ತದೆ. ಆರು ಮರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದ ದಿನ 12 ಗ್ರಾಂ ಇದ್ದದ್ದು ಕೊನೆಗೆ ಮುಕ್ಕಾಲು ಕಿಲೋ ಮೀರುತ್ತದೆ. ಮೊದಲೆರಡು ವರ್ಷ ಬೇಗ ಬೆಳೆದು ಆಮೇಲೆ ನಿಧಾನವಾಗುವುದರಿಂದ ‘ಇನ್ನು ಬೆಳೆಯಲ್ಲ ಬಿಡಿ’ ಎಂಬ ಭ್ರಮೆ ಎಲ್ಲರಿಗೂ ಬರುತ್ತದೆ.

ಆರೇ ಏಕೆ, ಎರಡು ಸಾಲದೇ? ಸಾಲದು. ಇವು ಗುಂಪಿನ ಮೀನು, ಗುಂಪಿನಲ್ಲಿ ಹಿರಿತನ ಕಿರಿತನ ಇರುತ್ತದೆ. ಒಂಟಿ ಮೀನು ಹಗಲಿಡೀ ಅಡಗಿ ಕೂತು ಸೊರಗುತ್ತದೆ. ಎರಡಿದ್ದರೆ ದೊಡ್ಡದು ಚಿಕ್ಕದನ್ನು ಗೋಳುಹೊಯ್ದುಕೊಳ್ಳುತ್ತದೆ. ಐದಾರು ಇದ್ದರೆ ಆ ಕಾಟ ಹಂಚಿಹೋಗುತ್ತದೆ. ಹತ್ತು ಇದ್ದರೆ ನೋಡಲು ಇನ್ನೂ ಚೆಂದ, ಆದರೆ ಕೆಳಗಿನ ಲೆಕ್ಕ ಓದಿ ಆಮೇಲೆ ಹೇಳಿ.

ಆರು ದೊಡ್ಡ ಲೋಚ್‌ಗೆ ಕನಿಷ್ಠ ಆರಡಿ ತೊಟ್ಟಿ ಬೇಕು. 180 ಸೆಂ.ಮೀ. ಉದ್ದ, 60 ಅಗಲ, 60 ಎತ್ತರ. ಕಂಠಮಟ್ಟ ತುಂಬದೆ 55 ಸೆಂ.ಮೀ.ವರೆಗೆ ನೀರು ಬಿಟ್ಟರೆ 594 ಲೀಟರ್, ಅಂದರೆ 594 ಕಿಲೋ. 12 ಮಿ.ಮೀ. ಗಾಜು ಸುಮಾರು ನಾಲ್ಕು ಚದರ ಮೀಟರ್, ಅದು 119 ಕಿಲೋ. ನಾಲ್ಕು ಸೆಂ.ಮೀ. ಮರಳು ಹಾಸಿದರೆ 67 ಕಿಲೋ. ಮರ, ಕಲ್ಲು, ಸ್ಟ್ಯಾಂಡ್ ಸೇರಿ ಇನ್ನೊಂದು ನೂರು. ಒಟ್ಟು 880 ಕಿಲೋ, ಒಂದು ಸಣ್ಣ ಕಾರಿನ ತೂಕ, ಅದೂ ಒಂದು ಚದರ ಮೀಟರಿಗಿಂತ ಸ್ವಲ್ಪವೇ ಹೆಚ್ಚು ಜಾಗದ ಮೇಲೆ. ಆಸ್ಟ್ರೇಲಿಯಾದಲ್ಲಿ ಮನೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 150 ಕಿಲೋ ಭಾರಕ್ಕೆ ವಿನ್ಯಾಸ ಮಾಡುತ್ತಾರೆ. ಕಾಂಕ್ರೀಟ್ ಸ್ಲ್ಯಾಬ್ ಹಾಕಿದ ಹೊಸ ಮನೆಯಾದರೆ ತಲೆಕೆಡಿಸಿಕೊಳ್ಳಬೇಕಿಲ್ಲ. ಬೆಂಟ್ಲಿಯ ಹಳೆಯ ಮನೆಗಳಲ್ಲಿ ಜಾರಾ ಮರದ ಹಲಗೆಯ ನೆಲ ಇರುವುದುಂಟು. ಅಲ್ಲಿ ಗೋಡೆಯ ಬದಿಗೆ, ಅಡ್ಡ ತೊಲೆಗಳ ಮೇಲೆ ಭಾರ ಹಂಚುವಂತೆ ಇಡಬೇಕು, ಬಡಗಿಯನ್ನು ಕರೆದು ಕೆಳಗೆ ಇಣುಕಿಸಿ ನೋಡಿದ ಮೇಲೆ.

ಇನ್ನು ಕರೆಂಟ್. ಖರ್ಚೆಲ್ಲ ಇರುವುದು ಇಲ್ಲಿ. ಮೀನಿಗೆ ಬೇಕಾದ್ದು 27 ಡಿಗ್ರಿ. ಪರ್ತ್‌ನಲ್ಲಿ ಜುಲೈ ರಾತ್ರಿಯ ಸರಾಸರಿ 8 ಡಿಗ್ರಿಯ ಆಸುಪಾಸು, ಹಗಲು 18-19. ಇಲ್ಲಿನ ಎಷ್ಟೋ ಮನೆಗಳು ಬೇಸಿಗೆಯ ಸೆಕೆಗೆ ಕಟ್ಟಿದವು, ಚಳಿಗೆ ಅಲ್ಲ. ಒಳಗೆ ಕೂತರೂ ಸ್ವೆಟರ್ ಬೇಕು. ಈ ಅಳತೆಯ ತೊಟ್ಟಿ ಗಾಜಿನ ಮೂಲಕ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 20 ವ್ಯಾಟ್ ಶಾಖ ಕಳೆದುಕೊಳ್ಳುತ್ತದೆ. ಕೋಣೆ 17, ನೀರು 27 ಇದ್ದರೆ 200 ವ್ಯಾಟ್, ದಿನಕ್ಕೆ 4.8 ಯೂನಿಟ್. ಇಲ್ಲಿ ಯೂನಿಟ್‌ಗೆ ಸುಮಾರು 32 ಸೆಂಟ್. ದಿನಕ್ಕೆ ಒಂದೂವರೆ ಡಾಲರ್, ಮೂರು ತಿಂಗಳ ಚಳಿಗಾಲಕ್ಕೆ 141 ಡಾಲರ್. ವರ್ಷವಿಡೀ ಕೋಣೆಯ ಸರಾಸರಿ 21 ಎಂದರೆ ಹೀಟರಿಗೇ 336.

ಈ ಮೊತ್ತವನ್ನು ಕಡಿಮೆ ಮಾಡುವ ಸುಲಭದ ದಾರಿ ಥರ್ಮಾಕೋಲ್. ತೊಟ್ಟಿಯ ಹಿಂಬದಿ ಮತ್ತು ಎರಡು ಪಕ್ಕಕ್ಕೆ ಒಂದಂಗುಲ ದಪ್ಪದ ಹಾಳೆ ಅಂಟಿಸಿದರೆ ಶಾಖದ ನಷ್ಟ ಸರಿಸುಮಾರು ಮೂರನೇ ಒಂದು ಪಾಲು ಇಳಿಯುತ್ತದೆ. 336 ಇದ್ದದ್ದು 224 ಆಗುತ್ತದೆ. ವರ್ಷಕ್ಕೆ ನೂರು ಚಿಲ್ಲರೆ ಡಾಲರ್ ಉಳಿಸುವ ಈ ಹಾಳೆಯನ್ನು ನಾನು ಹೊಸ ಫ್ರಿಜ್ಜಿನ ಪೆಟ್ಟಿಗೆಯಿಂದ ಎತ್ತಿಟ್ಟುಕೊಂಡೆ, ಖರ್ಚು ಸೊನ್ನೆ. ಥರ್ಮಾಕೋಲ್ ಹಚ್ಚದ ತೊಟ್ಟಿಯಲ್ಲಿ ಹೀಟರನ್ನು ‘ಇರಲಿ ಬಿಡು’ ಎಂದು ಒಂದು ಡಿಗ್ರಿ ಏರಿಸಿದರೆ ವರ್ಷಕ್ಕೆ 175 ಯೂನಿಟ್, 56 ಡಾಲರ್. ಎರಡು ಕ್ಯಾನಿಸ್ಟರ್ ಫಿಲ್ಟರ್ ಸೇರಿ 40 ವ್ಯಾಟ್ ಹಗಲೂ ರಾತ್ರಿ ಓಡಿದರೆ 112 ಡಾಲರ್. ಲೈಟು ದಿನಕ್ಕೆ ಎಂಟು ಗಂಟೆಗೆ 28. ಥರ್ಮಾಕೋಲ್ ಹಚ್ಚಿದ ತೊಟ್ಟಿಯ ಹೀಟರಿನ 224 ಸೇರಿ ಒಟ್ಟು 364. ದಿನಕ್ಕೆ ಒಂದು ಡಾಲರ್ ಎಂದು ನೆನಪಿಟ್ಟುಕೊಂಡರೆ ಸಾಕು.

ಹೀಟರ್ 600 ವ್ಯಾಟಿನದು ಒಂದೇ ಬೇಡ, 300ರದು ಎರಡು ಇರಲಿ. ಹೀಟರ್ ಕೆಡುವಾಗ ಕೆಲವೊಮ್ಮೆ ಆಫ್ ಆಗದೆ ಉರಿಯುತ್ತಲೇ ಇರುತ್ತದೆ. 600 ವ್ಯಾಟ್ ಹಾಗೆ ಅಂಟಿಕೊಂಡರೆ ಗಂಟೆಗೆ ಹೆಚ್ಚೂಕಡಿಮೆ ಒಂದು ಡಿಗ್ರಿ ಏರುತ್ತದೆ. ನೀವು ಆಫೀಸಿನಿಂದ ಬರುವಷ್ಟರಲ್ಲಿ ಸಾರು. 300ರದಾದರೆ ಅದರ ಅರ್ಧ ವೇಗ, ಕಣ್ಣಿಗೆ ಬೀಳುವಷ್ಟು ಸಮಯ ಸಿಗುತ್ತದೆ.

ದೊಡ್ಡ ತೊಟ್ಟಿಗೆ ಇನ್ನೊಂದು ಗುಣ ಇದೆ. ಚಳಿಗಾಲದ ಬಿರುಗಾಳಿಗೆ ಎಂಟು ಗಂಟೆ ಕರೆಂಟ್ ಹೋದರೆ 594 ಲೀಟರ್ ನೀರು ಎರಡು ಡಿಗ್ರಿಯಷ್ಟೇ ಇಳಿಯುತ್ತದೆ. 60 ಲೀಟರಿನ ಪುಟ್ಟ ತೊಟ್ಟಿ ನಾಲ್ಕು ಡಿಗ್ರಿ ಇಳಿದುಹೋಗುತ್ತದೆ. ಬೇಸಿಗೆಯಲ್ಲಿ ಹೊರಗೆ 40 ದಾಟಿದ ದಿನ ತೊಂದರೆ ತಿರುಗಾಮುರುಗಾ. 27 ಡಿಗ್ರಿ ನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು, 32 ಡಿಗ್ರಿಯಲ್ಲಿ 7.3 ಮಾತ್ರ. ಆಗ ಮುಚ್ಚಳ ತೆಗೆದು ನೀರಿನ ಮೇಲೆ ಫ್ಯಾನ್ ಹಾಕಿ. ಒಂದು ಲೀಟರ್ ನೀರು ಆವಿಯಾದರೆ ಉಳಿದ ಅಷ್ಟೂ ನೀರು ಒಂದು ಡಿಗ್ರಿ ತಣಿಯುತ್ತದೆ. ಮಣ್ಣಿನ ಹೂಜಿಯ ತತ್ವವೇ. ಲೋಚ್ ಹಾರುವ ಮೀನಾದ್ದರಿಂದ ಮುಚ್ಚಳದ ಬದಲು ಜಾಲರಿ ಇರಲಿ.

ನೀರಿನ ಲೆಕ್ಕ ಕೇಳಿದರೆ ಊರಿನವರಿಗೆ ನಗು ಬರುತ್ತದೆ. ತೀರ್ಥಹಳ್ಳಿಯಿಂದ ಅಮ್ಮ ಫೋನಿನಲ್ಲಿ ಕೇಳಿದ್ದು ಇಷ್ಟೇ: ‘ಮೀನಿಗೆ ಬಿಸಿನೀರು ಕಾಯಿಸ್ತೀಯಾ? ಅದೂ ತಿನ್ನೋ ಮೀನಲ್ಲವಂತೆ!’ ಹೌದು ಅಮ್ಮ, ಕಾಯಿಸುತ್ತೇನೆ. ವಾರಕ್ಕೆ ನೂರಕ್ಕೆ 30ರಷ್ಟು ನೀರು ಬದಲಿಸಿದರೆ 180 ಲೀಟರ್. ಚಳಿಗಾಲದ 15 ಡಿಗ್ರಿ ನಲ್ಲಿನೀರನ್ನು 27ಕ್ಕೆ ತರಲು ಎರಡೂವರೆ ಯೂನಿಟ್, 80 ಸೆಂಟ್. ವರ್ಷಕ್ಕೆ ಸುಮಾರು 28 ಡಾಲರ್. ನೀರಿನ ಬಿಲ್ಲಂತೂ ಸಾವಿರ ಲೀಟರಿಗೆ ಎರಡು ಡಾಲರಿನ ಆಸುಪಾಸು, ವರ್ಷದ 9,360 ಲೀಟರಿಗೆ 19 ಡಾಲರ್. ಬಕೆಟಿನಲ್ಲಿ ಹೊತ್ತರೆ ಹೊರಗೆ 18, ಒಳಗೆ 18. ಮೂರನೇ ವಾರಕ್ಕೆ ಬೆನ್ನು ಹಿಡಿದು ಪೈಪು ಕೊಂಡೆ. ತೆಗೆದ ನೀರು ಹಿತ್ತಲ ಕರಿಬೇವಿಗೆ, ನಿಂಬೆ ಗಿಡಕ್ಕೆ. ಪರ್ತ್‌ನಲ್ಲಿ ಸ್ಪ್ರಿಂಕ್ಲರಿಗೆ ವಾರಕ್ಕೆ ಎರಡೇ ದಿನ ಅಪ್ಪಣೆ ಇರುವಾಗ ಇದು ಸಣ್ಣ ಲಾಭವಲ್ಲ. ಔಷಧಿ, ಉಪ್ಪು ಹಾಕಿದ ವಾರ ಮಾತ್ರ ಗಿಡಕ್ಕೆ ಬೇಡ.

ಮೀನು ಬೆಳೆದ ಮೇಲೆ ನೂರಕ್ಕೆ 30ರಷ್ಟು ನೀರು ಬದಲಿಸಿದರೆ ಸಾಲದು. ಮುಕ್ಕಾಲು ಕಿಲೋ ಮೀನಿಗೆ ಮೈತೂಕದ ನೂರಕ್ಕೆ ಒಂದರಷ್ಟು ಒಣ ಆಹಾರ ಎಂದರೆ ದಿನಕ್ಕೆ ಏಳೆಂಟು ಗ್ರಾಂ, ವರ್ಷಕ್ಕೆ 2.8 ಕಿಲೋ. ಅದರಲ್ಲಿರುವ ಪ್ರೋಟೀನಿನ ಬಹುಪಾಲು ಕೊನೆಗೆ ನೈಟ್ರೇಟ್ ಆಗಿ ನೀರಿನಲ್ಲೇ ಉಳಿಯುತ್ತದೆ. ನನ್ನ ಅಂದಾಜಿನಲ್ಲಿ ವಾರಕ್ಕೆ ಲೀಟರಿಗೆ 18 ಮಿಲಿಗ್ರಾಂ ಏರಿಕೆ. ವಾರಕ್ಕೆ 30ರಷ್ಟು ಬದಲಿಸುತ್ತಿದ್ದರೆ ಅದು 60ರ ಹತ್ತಿರ ಹೋಗಿ ನಿಲ್ಲುತ್ತದೆ. ಅರ್ಧ ಬದಲಿಸಿದರೆ 36. ಅರ್ಧ ನೀರು ಬದಲಿಸಲು ವರ್ಷಕ್ಕೆ ಹೆಚ್ಚಿಗೆ ತಗಲುವುದು 30 ಡಾಲರ್. ಇಷ್ಟು ಅಗ್ಗದ ಔಷಧಿ ಯಾವ ಬಾಟಲಿಯಲ್ಲೂ ಬರುವುದಿಲ್ಲ.

ಪರ್ತ್‌ನ ನಲ್ಲಿನೀರು ಒಂದೇ ಮೂಲದ್ದಲ್ಲ. 2006ರಲ್ಲಿ ಕ್ವಿನಾನಾದಲ್ಲಿ, 2011ರಲ್ಲಿ ಬಿನ್ನಿಂಗಪ್‌ನಲ್ಲಿ ಆರಂಭವಾದ ಘಟಕಗಳು ಸಮುದ್ರದ ಉಪ್ಪು ತೆಗೆದು ಕೊಡುತ್ತವೆ, ಅಂತರ್ಜಲವೂ ಅಣೆಕಟ್ಟಿನ ನೀರೂ ಸೇರುತ್ತದೆ. ಗಡಸುತನ ಬಡಾವಣೆಯಿಂದ ಬಡಾವಣೆಗೆ ಬೇರೆ, ನಿಮ್ಮ ನಲ್ಲಿಯದನ್ನು ನೀವೇ ಅಳೆಯಬೇಕು. ಕ್ಲೋರಿನ್ ತೆಗೆಯುವ ದ್ರಾವಣ ತಪ್ಪದೆ ಬೇಕು. ಕಡಲತೀರದ ಮರಳನ್ನಂತೂ ಪುಕ್ಕಟೆ ಎಂದು ತುಂಬಿಕೊಂಡು ಬರಬೇಡಿ. ಈ ಕರಾವಳಿ ಸುಣ್ಣಕಲ್ಲಿನದು. ಒಂದು ಚಮಚ ಮರಳಿಗೆ ವಿನೆಗರ್ ಹಾಕಿ. ಬುಸುಬುಸು ನೊರೆ ಬಂದರೆ ಅದು ನೀರನ್ನು ಗಡಸು ಮಾಡುತ್ತದೆ, ಮೆದು ನೀರಿನ ಈ ಮೀನಿಗೆ ಸಲ್ಲದು.

ಕಾಯಿಲೆಯಲ್ಲಿ ಎರಡನ್ನು ನೆನಪಿಟ್ಟರೆ ಸಾಕು. ಬಿಳಿ ಚುಕ್ಕೆ ರೋಗ ಲೋಚ್‌ಗೆ ಎಲ್ಲ ಮೀನಿಗಿಂತ ಮೊದಲು ಹತ್ತುತ್ತದೆ. ಮೈಮೇಲಿನ ಹುರುಪೆ ತೀರಾ ಸಣ್ಣದಾದ್ದರಿಂದ ಔಷಧಿ ಬೇಗ ಒಳಗಿಳಿಯುತ್ತದೆ. ಅನುಭವಿಗಳು ಅರ್ಧ ಪ್ರಮಾಣವನ್ನೇ ಹಾಕಿ ನೀರನ್ನು 30 ಡಿಗ್ರಿಗೆ ಏರಿಸುತ್ತಾರೆ. ಇನ್ನೊಂದು, ತಿಂದರೂ ಬೆನ್ನು ಚಾಕುವಿನ ಅಲಗಿನಂತೆ ಸಣ್ಣಗಾಗುವುದು. ಅದು ಹೆಚ್ಚಾಗಿ ಹೊಟ್ಟೆಹುಳ. ಹೊಸ ಮರಿಗಳನ್ನು ಬೇರೆ ತೊಟ್ಟಿಯಲ್ಲಿ ನಾಲ್ಕು ವಾರ ಇಟ್ಟು ನೋಡುವುದು ಇದಕ್ಕೇ. ಬಲೆಯಲ್ಲಿ ಹಿಡಿಯಬೇಡಿ. ಕಣ್ಣಿನ ಕೆಳಗೆ ಮಡಿಸುವ ಮುಳ್ಳಿದೆ, ಬಲೆಗೆ ಸಿಕ್ಕಿಕೊಳ್ಳುತ್ತದೆ. ನಾನೊಮ್ಮೆ ಉಗುರು ಕತ್ತರಿಸುವ ಕತ್ತರಿಯಲ್ಲಿ ಬಲೆಯ ಎಳೆ ಒಂದೊಂದಾಗಿ ಕತ್ತರಿಸಿ ಬಿಡಿಸಿದೆ. ಜಗ್ಗಿನಲ್ಲಿ ಮೊಗೆಯುವುದೇ ಸರಿ.

ಈಗ ಕೂಡಿಸೋಣ. ತೊಟ್ಟಿ ಸ್ಟ್ಯಾಂಡ್ 2,000, ಫಿಲ್ಟರ್ 500, ಹೀಟರ್ 120, ಲೈಟು 120, ಮರಳು ಮರ 250, ಬೇರ್ಪಡಿಸಿಡುವ ತೊಟ್ಟಿ 150, ಪರೀಕ್ಷೆಯ ಕಿಟ್ 60, ಮೀನು 150. ಒಟ್ಟು 3,350. ತೊಟ್ಟಿ ಹಳೆಯದು 800ಕ್ಕೆ ಸಿಕ್ಕರೆ 2,150. ವರ್ಷದ ಖರ್ಚು: ಕರೆಂಟ್ 364, ನೀರು ಕಾಯಿಸಲು 28, ನೀರು 19, ದ್ರಾವಣ 25, ಆಹಾರ 80, ಔಷಧಿ ಮತ್ತು ಫಿಲ್ಟರ್ ಸ್ಪಂಜು 80, ಹತ್ತಿರ ಹತ್ತಿರ 600. ಇಪ್ಪತ್ತು ವರ್ಷಕ್ಕೆ 12,000. ನಡುವೆ ಕೆಟ್ಟದ್ದನ್ನು ಬದಲಿಸಲು ಇನ್ನೊಂದು ಸಾವಿರ. ಹೊಸ ತೊಟ್ಟಿಯ ಲೆಕ್ಕದಲ್ಲಿ 16,350 ಡಾಲರ್. ಒಂದು ಮೀನಿಗೆ 2,725, ಅಂಗಡಿ ಬೆಲೆಯ 109 ಪಟ್ಟು.

ಬೆಂಟ್ಲಿಯಲ್ಲಿ ಕರ್ಟಿನ್ ವಿಶ್ವವಿದ್ಯಾಲಯ ಇರುವುದರಿಂದ ನಮ್ಮ ಹುಡುಗ ಹುಡುಗಿಯರು ಪ್ರತಿವರ್ಷ ಬರುತ್ತಾರೆ, ವರ್ಷಕ್ಕೊಂದು ಬಾಡಿಗೆ ಮನೆ ಬದಲಿಸುತ್ತಾರೆ. 880 ಕಿಲೋ ಸಂಸಾರ ಅವರಿಗಲ್ಲ. ಆಸೆ ತಡೆಯಲಾಗದಿದ್ದರೆ ಕೂಲಿ ಲೋಚ್ ಇದೆ, ಹೆಸರು ಕೇಳಿ ನಗಬೇಡಿ. ಸಾಮಾನ್ಯವಾಗಿ ಹತ್ತು ಸೆಂ.ಮೀ. ದಾಟದ, ಹಾವಿನಂಥ ಪುಟ್ಟ ಮೀನು, ಮೂರಡಿ ತೊಟ್ಟಿಯಲ್ಲಿ ಗುಂಪಾಗಿ ಸುಖವಾಗಿರುತ್ತದೆ.

ಲೋಚ್ ಎಂದರೆ ಹೊರದೇಶದ ಶೋಕಿ ಎಂದುಕೊಂಡವರಿಗೆ ಒಂದು ಮಾತು. ನಮ್ಮ ತುಂಗೆಯಲ್ಲೂ ಇದರ ನೆಂಟ ಇದೆ. ಮೈತುಂಬ ಸಪೂರ ಪಟ್ಟೆಯ ಬೋಟಿಯಾ ಸ್ಟ್ರಯಾಟಾ, ಜೀಬ್ರಾ ಲೋಚ್. ಶಿವಮೊಗ್ಗದ ತುಂಗಾನದಿಯ ಮೀನಿನಿಂದ 1920ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣರಾವ್, 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಪಶ್ಚಿಮಘಟ್ಟದ ಹೊಳೆಗಳಲ್ಲಷ್ಟೇ ಸಿಗುವ ಈ ಮೀನು ಇಂದು ಅಳಿವಿನ ಭೀತಿಯ ಕೆಂಪು ಪಟ್ಟಿಯಲ್ಲಿದೆ. ಊರಿಗೆ ಹೋದಾಗ ಹೊಳೆಯಿಂದ ಹಿಡಿದು ಬಾಟಲಿಗೆ ತುಂಬುವ ಆಸೆ ಬೇಡ.

ಸಾಕಲಾಗದೆ ಹೋದರೆ ಇಲ್ಲಿನ ಕ್ಯಾನಿಂಗ್ ನದಿಗೆ ಬಿಡುವುದು ದಾರಿಯಲ್ಲ. ಪರ್ತ್‌ನ ದಕ್ಷಿಣಕ್ಕಿರುವ ಬಸಲ್ಟನ್‌ನ ವ್ಯಾಸ್ ನದಿಗೆ ಯಾರೋ ಬಿಟ್ಟ ಗೋಲ್ಡ್‌ಫಿಶ್ ಸಂತತಿ ಬೆಳೆದು ಕೆಲವು ಮೀನು ಕಿಲೋ ದಾಟಿದವು; ಮರ್ಡಾಕ್ ವಿಶ್ವವಿದ್ಯಾಲಯದವರು ಗುರುತು ಕಟ್ಟಿ ಬಿಟ್ಟಾಗ ಒಂದು ಮೀನು ವರ್ಷದಲ್ಲಿ 230 ಕಿ.ಮೀ. ಈಜಿತ್ತು. ಕೊಟ್ಟ ಅಂಗಡಿಗೇ ಮರಳಿಸಿ, ಇಲ್ಲವೇ ದೊಡ್ಡ ತೊಟ್ಟಿ ಇರುವವರಿಗೆ ಕೊಡಿ.

ಅಂಗಡಿಗೆ ಹೋಗುವ ಮುನ್ನ ಟೇಪು ಹಿಡಿದು ಮನೆಯ ಗೋಡೆ ಅಳೆಯಿರಿ. ಬಿಸಿಲು ಬೀಳದ 180 ಸೆಂ.ಮೀ. ಜಾಗ ಖಾಲಿ ಇಲ್ಲವಾದರೆ ಈ ಮೀನು ತರಬೇಡಿ.