ಕಟ್ಟಡದ ಏರಿಳಿತವೂ ಕೂಲಿಕಾರನ ಪಾಡೂ

ಪೀಣ್ಯದ ಕೈಗಾರಿಕಾ ಪ್ರದೇಶವು ೧೯೭೦ರ ದಶಕದಲ್ಲಿ ಬೆಳೆಯತೊಡಗಿದಂದಿನಿಂದ ನೆರೆಯ ಲಗ್ಗೆರೆಯು ಹಳ್ಳಿಯ ರೂಪವನ್ನು ಕಳೆದುಕೊಳ್ಳುತ್ತ ಬಂದು, ಈಗ ಬೆಂಗಳೂರಿನೊಳಗೇ ಅಡಗಿಹೋಗಿದೆ. ಕಾರ್ಖಾನೆಗಳ ದುಡಿಮೆಗಾರರಿಗೆ ಬಾಡಿಗೆಯ ಮನೆಗಳು ಬೇಕು. ಆದುದರಿಂದ ಸಣ್ಣ ಸಣ್ಣ ನಿವೇಶನಗಳ ಮೇಲೂ ಅಂತಸ್ತಿನ ಮೇಲೆ ಅಂತಸ್ತು ಏಳುತ್ತದೆ. ದೇಶದ ಕಟ್ಟಡದ ಉದ್ಯಮದ ನಾಡಿಯನ್ನು ಇಂತಹ ಕೇರಿಗಳಲ್ಲಿಯೇ ಹಿಡಿದು ನೋಡತಕ್ಕುದು.

ಈ ಉದ್ಯಮವು ಏರಿದುದನ್ನೂ ಇಳಿದುದನ್ನೂ ನಾವೆಲ್ಲರೂ ಕಂಡಿದ್ದೇವೆ. ೨೦೦೮ರಲ್ಲಿ ಅಮೆರಿಕೆಯ ಲೇಮನ್ ಬ್ಯಾಂಕು ಕುಸಿಯಲು, ಸಾಫ್ಟ್‌ವೇರ್ ಸಂಬಳವನ್ನು ನಂಬಿದ್ದ ಇಲ್ಲಿನ ಮನೆಗಳ ಮಾರಾಟವೂ ಕುಗ್ಗಿತು. ೨೦೧೬ನೆಯ ನವೆಂಬರ್ ೮ರಂದು ೫೦೦, ೧೦೦೦ ರೂಪಾಯಿಗಳ ನೋಟುಗಳು ರದ್ದಾಗಲು, ವಾರದ ಬಟವಾಡೆಯನ್ನು ನಗದಿನಲ್ಲಿಯೇ ಮಾಡುತ್ತಿದ್ದ ಮೇಸ್ತ್ರಿಯ ಕೈ ಕಟ್ಟಿಹೋಯಿತು. ೨೦೧೮ರಲ್ಲಿ ಐ.ಎಲ್. ಅಂಡ್ ಎಫ್.ಎಸ್. ಸಂಸ್ಥೆಯು ಸಾಲ ತೀರಿಸಲಾರದೆ ಹೋಗಲು, ಉದ್ಯಮಕ್ಕೆ ಹಣವೊದಗಿಸುತ್ತಿದ್ದ ಮೂಲಗಳೂ ಬತ್ತಿದುವು.

ಇದರ ನಡುವೆ ಉದ್ಯಮದ ಸ್ವರೂಪವೇ ಬದಲಾಯಿತು. ೨೦೧೬ರ ರೇರಾ ಕಾಯಿದೆಯ ಪ್ರಕಾರ, ಕೊಳ್ಳುವವರಿಂದ ಬಂದ ಹಣದಲ್ಲಿ ನೂರಕ್ಕೆ ೭೦ ಪಾಲನ್ನು ಆ ಕಟ್ಟಡದ ವೆಚ್ಚಕ್ಕಾಗಿಯೇ ಪ್ರತ್ಯೇಕವಾಗಿ ಇಡಬೇಕು. ಒಂದರ ಹಣದಿಂದ ಮತ್ತೊಂದನ್ನೆಬ್ಬಿಸುತ್ತಿದ್ದ ಬಂಡವಾಳವಿಲ್ಲದವರಿಗೆ ಇದರಿಂದ ಹಾದಿ ಕಿರಿದಾಯಿತು. ಬಲವುಳ್ಳವರು ಮುಂದೆ ಬಂದರು. ಕೊಳ್ಳುವವರಿಗೆ ದೊರೆತ ಈ ರಕ್ಷಣೆಯನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ.

ಆದರೆ ಗಾರೆ ಹೊತ್ತವನಿಗೆ ದೊರೆತುದೇನು? ಅವನಿಗೂ ಕಾಯಿದೆ ಇರಲಿಲ್ಲವೆಂದಲ್ಲ. ಕಟ್ಟಡದ ವೆಚ್ಚದ ಮೇಲೆ ನೂರಕ್ಕೆ ಒಂದರಂತೆ ಸುಂಕವೆತ್ತಿ ಕಾರ್ಮಿಕರ ಹಿತಕ್ಕೆ ವಿನಿಯೋಗಿಸಬೇಕೆಂದು ೧೯೯೬ರಲ್ಲಿಯೇ ವಿಧಿಸಲಾಯಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ಮಂಡಲಿಯೇರ್ಪಟ್ಟುದು ೨೦೦೭ರಲ್ಲಿ. ಅದರ ನೆರವಿಗೆ ವರ್ಷದಲ್ಲಿ ೯೦ ದಿನ ದುಡಿದುದರ ಪ್ರಮಾಣಪತ್ರ ಬೇಕು. ಇಂದು ಲಗ್ಗೆರೆಯಲ್ಲಿ, ನಾಳೆ ನೆಲಮಂಗಲದಲ್ಲಿ ದುಡಿಯುವ ರಾಯಚೂರಿನವನಿಗೋ ಬಿಹಾರದವನಿಗೋ ಅದನ್ನು ಬರೆದುಕೊಡುವವರಾರು?

೨೦೨೦ನೆಯ ಮೇ ತಿಂಗಳಲ್ಲಿ, ಬೀಗಮುದ್ರೆಯ ಕಾಲದಲ್ಲಿ, ಊರಿಗೆ ಹೊರಟ ಕೂಲಿಕಾರರ ರೈಲುಗಳನ್ನು ಕಟ್ಟಡದ ಉದ್ಯಮಿಗಳೊಡನೆ ಸಮಾಲೋಚಿಸಿದ ಬಳಿಕ ಸರ್ಕಾರದವರು ರದ್ದುಪಡಿಸಿ, ದೇಶವೆಲ್ಲ ಖಂಡಿಸಿದ ಮೇಲೆ ಪುನಃ ಬಿಡಿಸಿದರು. ಇವರಿಲ್ಲದೆ ಉದ್ಯಮವು ನಡೆಯದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕೆ? ಬೇಕಾದವರನ್ನು ತಡೆದಿರಿಸಿಕೊಳ್ಳುವ ಮಾರ್ಗವು ರೈಲು ನಿಲ್ಲಿಸುವುದಲ್ಲ, ನ್ಯಾಯ ಸಲ್ಲಿಸುವುದು.

ಆದಕಾರಣ ಅಧಿಕಾರಿಗಳು ಕಚೇರಿಯಲ್ಲಿ ಕುಳಿತು ಅರ್ಜಿಗಾಗಿ ಕಾಯದೆ, ಬೆಳಗಿನಲ್ಲಿ ಕೂಲಿಗಾಗಿ ಜನರು ಸೇರುವ ರಸ್ತೆಗಳಿಗೇ ಬಂದು ಹೆಸರು ಬರೆದುಕೊಳ್ಳಲಿ. ಕಟ್ಟಡಕ್ಕೆ ಅನುಮತಿ ಕೊಡುವಾಗಲೇ ಹಾಜರಿ ಪುಸ್ತಕವನ್ನು ಕಡ್ಡಾಯ ಮಾಡಲಿ. ಏರಿನ ದಿನಗಳಲ್ಲಿ ಕೂಡಿದ ಹಣವು ಇಳಿವಿನ ದಿನಗಳಲ್ಲಿ ಗಂಜಿಯಾಗದಿದ್ದರೆ ಆ ಸುಂಕಕ್ಕೆ ಅರ್ಥವಿಲ್ಲ.