ಶಿಲ್ಕು ಇಲ್ಲದ ಖಾತೆ: ಹರಿಯುವ ನೀರಿನ ಲೆಕ್ಕ

ನಾಸಿಕದ ಗೋದಾವರಿ ತೀರದಲ್ಲಿ ಹೋಟೆಲು ಕೆಲಸ ಮಾಡಿದ ನಮ್ಮವರಿಗೆ ದುತೋಂಡ್ಯಾ ಮಾರುತಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ರಾಮಕುಂಡದ ಸಮೀಪ, ನದಿಯ ಪಾತ್ರದಲ್ಲಿಯೇ ನಿಂತಿರುವ ಆ ಎರಡು ಮುಖದ ಹನುಮಂತನೇ ಈ ಊರಿನ ಪ್ರವಾಹಮಾಪಕ. ನೀರು ಸ್ವಾಮಿಯ ಪಾದ ಮುಟ್ಟಿತೆ, ಸೊಂಟಕ್ಕೆ ಬಂದಿತೆ, ಎದೆಯನ್ನು ದಾಟಿತೆ ಎಂದು ಕೇಳಿಯೇ ಘಾಟಿನ ಅಂಗಡಿಕಾರರು ಸಾಮಾನು ಎತ್ತುವುದೋ ಬಿಡುವುದೋ ಎಂದು ನಿರ್ಧರಿಸುತ್ತಾರೆ. 1969ರ, 2008ರ, 2016ರ, 2019ರ ನೆರೆಗಳನ್ನು ಜನ ನೆನೆಯುವುದೂ ಈ ಅಳತೆಯಿಂದಲೇ.

2019ರ ಆಗಸ್ಟಿನಲ್ಲಿ ನಾವೂ ಒಂದು ಲೆಕ್ಕ ಹಾಕಿದೆವು. ಆಗ ಈ ಪತ್ರಿಕೆಯ ಹೊಣೆ ನಮ್ಮ ಮೇಲಿರಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದೆವು. ಮೇಲಿನ ಗಂಗಾಪುರ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟರೆಂಬ ಸುದ್ದಿ ಬಂದಿತು. ದಾರಿ ಹದಿನೈದು ಕಿಲೋಮೀಟರ್ ಎಂದು ಹಿಡಿದೆವು. ನೀರಿನ ವೇಗ ಸೆಕೆಂಡಿಗೆ ಮೂರು ಮೀಟರ್ ಎಂದುಕೊಂಡೆವು. ಎಸ್.ಎಸ್.ಎಲ್.ಸಿ.ಯ ಗಣಿತದಂತೆ ಒಂದು ಗಂಟೆ ಇಪ್ಪತ್ತು ನಿಮಿಷ ಬಿಡುವಿದೆ ಎಂದು ತೀರ್ಮಾನಿಸಿ, ಗಿರಾಕಿಗಳಿಗೆ ಕಾಫಿ ಕೊಟ್ಟು ಮುಗಿಸಿಯೇ ಉಗ್ರಾಣಕ್ಕೆ ಕೈ ಹಾಕಿದೆವು. ಗಂಟೆ ತುಂಬುವ ಮೊದಲೇ ಓಣಿಯಲ್ಲಿ ನೀರು ಬಂದಿತು. ನಾಲ್ಕು ಮೂಟೆ ಅಕ್ಕಿ, ಎರಡು ಮೂಟೆ ಉದ್ದು ಹೋದವು. ಅದು ಹೋಗಲಿ, ಸಿಲಿಂಡರು ತರಲು ಇಳಿದ ನಮ್ಮ ಸಪ್ಲೈಯರ್ ಒಬ್ಬನು ಎದೆಮಟ್ಟದ ನೀರಿನಲ್ಲಿ ಕಿಟಕಿಯ ಸರಳು ಹಿಡಿದು ನಿಂತಿದ್ದನ್ನು ನೆನೆದರೆ ಇಂದಿಗೂ ಮೈ ನಡುಗುತ್ತದೆ. ಅವನು ಬದುಕಿದನು. ಆದರೆ ನಮ್ಮ ಲೆಕ್ಕ ತಪ್ಪಿದ್ದೆಲ್ಲಿ?

ಆ ಪ್ರಶ್ನೆಯೇ ಈ ಲೇಖನಕ್ಕೆ ಮೂಲ.

ನೀರಿನ ಸ್ವಭಾವವನ್ನು ಮೊದಲು ತಿಳಿಯೋಣ. ಗಾಳಿಯನ್ನು ಸೈಕಲ್ ಪಂಪಿನಲ್ಲಿ ಒತ್ತಿದರೆ ಅದು ಕುಗ್ಗುತ್ತದೆ. ನೀರು ಹಾಗಲ್ಲ. ಸಮುದ್ರದ ಒಂದು ಕಿಲೋಮೀಟರ್ ಆಳದ ಭಾರೀ ಒತ್ತಡದಲ್ಲಿಯೂ ಅದು ನೂರರಲ್ಲಿ ಅರ್ಧಪಾಲಿನಷ್ಟೂ ಕುಗ್ಗದು. ಆದುದರಿಂದ ನೀರನ್ನು ಕುಗ್ಗದ ದ್ರವವೆಂದೇ ಭಾವಿಸಿ ವಿಜ್ಞಾನಿಗಳು ಲೆಕ್ಕ ಮಾಡುತ್ತಾರೆ.

ಗುಮಾಸ್ತ ಮಿತ್ರರಿಗೆ ಇದರ ಅರ್ಥ ಸುಲಭವಾಗಿ ಹೊಳೆಯಬಹುದು. ನಮ್ಮ ರೋಜುಪುಸ್ತಕದಲ್ಲಿ ಜಮಾ ಇರುತ್ತದೆ, ಖರ್ಚು ಇರುತ್ತದೆ, ಉಳಿದದ್ದು ಶಿಲ್ಕು. ನೀರು ತುಂಬಿದ ಕೊಳವೆಯ ಯಾವ ತುಂಡನ್ನು ತೆಗೆದುಕೊಂಡರೂ ಅಲ್ಲಿ ಜಮಾ ಮತ್ತು ಖರ್ಚು ಪ್ರತಿ ಕ್ಷಣವೂ ಸರಿಸಮ. ಶಿಲ್ಕು ಎಂಬುದೇ ಇಲ್ಲ. ಒಂದು ಲೋಟ ಒಳಗೆ ಬಂದರೆ ಒಂದು ಲೋಟ ಹೊರಗೆ ಹೋಗಲೇಬೇಕು. ಮಾಳಿಗೆಯ ಟ್ಯಾಂಕಿನಿಂದ ಇಳಿಯುವ ಕೊಳವೆ ತುಂಬಿದ್ದರೆ, ನಲ್ಲಿ ತಿರುಗಿಸಿದ ಕ್ಷಣವೇ ನೀರು ಬರುತ್ತದೆ. ಟ್ಯಾಂಕಿನಲ್ಲಿದ್ದ ನೀರು ಅಷ್ಟು ಬೇಗ ಕೆಳಗಿಳಿದಿರುವುದಿಲ್ಲ. ಮೇಲಿನದು ಒತ್ತಿದೆ, ಕೆಳಗಿನದು ಹೊರಟಿದೆ, ಅಷ್ಟೆ.

ಸಂಭಾಜಿನಗರದ ವಾಚಕರು ಈ ನ್ಯಾಯವನ್ನು ಪನ್‌ಚಕ್ಕಿಯಲ್ಲಿ ಕಣ್ಣಾರೆ ಕಾಣಬಹುದು. ಕೆಲವು ಕಿಲೋಮೀಟರ್ ದೂರದ ಗುಡ್ಡದಿಂದ ನೆಲದಡಿಯ ಕೊಳವೆಯಲ್ಲಿ ಬಂದ ನೀರು, ಎತ್ತರದ ಗೋಡೆಯನ್ನು ತಾನಾಗಿ ಏರಿ, ಮೇಲಿನಿಂದ ಧುಮುಕಿ ಬೀಸುವ ಕಲ್ಲನ್ನು ತಿರುಗಿಸುವಂತೆ ಅದನ್ನು ಕಟ್ಟಿದರು. ಅದನ್ನು ಎತ್ತುವ ಯಂತ್ರವಿಲ್ಲ. ದೂರದ ಎತ್ತರದ ಒತ್ತಡವು ಇಲ್ಲಿಯ ನೀರನ್ನು ಏರಿಸುತ್ತದೆ. ಅದಕ್ಕೂ ಹಿಂದೆ, 1626ರಲ್ಲಿ ತೀರಿಕೊಂಡ ಮಲಿಕ್ ಅಂಬರನು ಆ ನಗರಕ್ಕೆ ನಹರ್‌ಗಳನ್ನು ತೋಡಿಸಿದ್ದನು. ಸಮೀಕರಣ ಬರೆಯದಿದ್ದರೂ ಆ ಕಾಲದ ಕುಶಲಿಗಳು ನೀರಿನ ಮನಸ್ಸನ್ನು ಬಲ್ಲವರಾಗಿದ್ದರು.

ಸಮೀಕರಣ ಬರೆದವರು ಫ್ರಾನ್ಸಿನ ನೇವಿಯೇ ಮತ್ತು ಬ್ರಿಟನ್ನಿನ ಸ್ಟೋಕ್ಸ್. 1822ರಲ್ಲಿ ಒಬ್ಬರು, 1845ರಲ್ಲಿ ಇನ್ನೊಬ್ಬರು. ಅವರ ಹೆಸರಿನ ಆ ಸಮೀಕರಣಗಳು ಎಷ್ಟು ಕಠಿಣವೆಂದರೆ, ಮೂರು ಆಯಾಮಗಳಲ್ಲಿ ಅವುಗಳಿಗೆ ಎಲ್ಲ ಕಾಲಕ್ಕೂ ಸುಗಮವಾದ ಉತ್ತರವಿದೆಯೆ ಎಂಬುದನ್ನು ಸಾಧಿಸಿದವರಿಗೆ 2000ದಲ್ಲಿ ಹತ್ತು ಲಕ್ಷ ಡಾಲರುಗಳ ಬಹುಮಾನ ಘೋಷಿಸಲಾಯಿತು. ಪೂರ್ಣ ಉತ್ತರ ಕೈಗೆ ಸಿಗದಿದ್ದರೇನು? ನೀರನ್ನು ಚೌಕಾಬಾರದ ಮನೆಗಳಂತೆ ಸಣ್ಣ ಸಣ್ಣ ಮನೆಗಳಾಗಿ ಭಾಗಿಸಿ, ಮನೆಮನೆಗೂ ಜಮಾ-ಖರ್ಚು ಬರೆಯುವ ದಾರಿಯೊಂದು ಉಂಟು.

ಈ ದಾರಿಯಲ್ಲಿ ಒಂದು ತೊಡಕಿದೆ. ಒಂದು ಮನೆಯಲ್ಲಿ ಬಂದದ್ದು ಹೆಚ್ಚು, ಹೋದದ್ದು ಕಡಿಮೆ ಎಂದಾದರೆ ಅಲ್ಲಿ ಒತ್ತಡವನ್ನು ಏರಿಸಿ ಹೆಚ್ಚಿನದನ್ನು ಹೊರದೂಡಬೇಕು. ಹಾಗೆ ಮಾಡಿದೊಡನೆ ಪಕ್ಕದ ಮನೆಯ ಲೆಕ್ಕ ಕೆಡುತ್ತದೆ. ಅದನ್ನು ಸರಿಪಡಿಸಿದರೆ ಅದರಾಚೆಯದು. ಕುಗ್ಗದ ದ್ರವದಲ್ಲಿ ಒಂದು ಮೂಲೆಯ ಬದಲಾವಣೆ ಎಲ್ಲ ಮೂಲೆಗಳಿಗೂ ತಟ್ಟುವುದರಿಂದ ಸಮಸ್ತ ಮನೆಗಳ ಲೆಕ್ಕವೂ ಒಟ್ಟಿಗೆ ತಾಳೆಯಾಗಬೇಕು. ಅಲೆಕ್ಸಾಂಡರ್ ಚೋರಿನ್ ಎಂಬ ಗಣಿತಜ್ಞರು 1968ರಲ್ಲಿ ಪ್ರಕಟಿಸಿದ ಉಪಾಯ ನಮ್ಮ ಗುಮಾಸ್ತರ ಪದ್ಧತಿಗೆ ಬಹಳ ಹತ್ತಿರವಾದುದು. ಮೊದಲು ಒತ್ತಡವನ್ನು ಮರೆತು ನೀರನ್ನು ಒಂದು ಹೆಜ್ಜೆ ಮುಂದಕ್ಕೆ ಸಾಗಿಸಬೇಕು. ವೋಚರು ಬಂದಂತೆ ಬರೆದಿಟ್ಟ ಹಾಗೆ. ಲೆಕ್ಕ ತಾಳೆಯಾಗದು. ಅನಂತರ, ಯಾವ ಮನೆಯಲ್ಲಿ ಎಷ್ಟು ಒತ್ತಡವಿದ್ದರೆ ಎಲ್ಲ ಮನೆಗಳ ಶಿಲ್ಕೂ ಸೊನ್ನೆಯಾದೀತೆಂದು ಕಂಡುಹಿಡಿದು, ಅದರಂತೆ ವೇಗಗಳನ್ನು ತಿದ್ದಬೇಕು. ಮತ್ತೆ ಮುಂದಿನ ಹೆಜ್ಜೆ. ಅದಕ್ಕೆ ಮೂರು ವರ್ಷ ಮೊದಲು, 1965ರಲ್ಲಿ, ಅಮೆರಿಕದ ಲಾಸ್ ಅಲಾಮೋಸಿನ ಹಾರ್ಲೋ ಮತ್ತು ವೆಲ್ಚ್ ಎಂಬವರು ಮನೆಗಳ ನಡುವೆ ಗುರುತಿನ ಕಣಗಳನ್ನು ತೇಲಿಬಿಟ್ಟು, ಅಣೆ ಒಡೆದಾಗ ನೀರು ಮುನ್ನುಗ್ಗುವ ಬಗೆಯನ್ನು ಗಣಕಯಂತ್ರದಲ್ಲಿ ಚಿತ್ರಿಸಿ ತೋರಿಸಿದ್ದರು.

ಹೊಳೆಗೆ ಬಂದರೆ ಒಂದು ವ್ಯತ್ಯಾಸವುಂಟು. ಕೊಳವೆಗೆ ಮುಚ್ಚಳವಿದೆ, ಹೊಳೆಗೆ ಇಲ್ಲ. ಬಂದ ನೀರು ಹೋದ ನೀರಿಗಿಂತ ಹೆಚ್ಚಾದರೆ ಅದು ಒಳಗೆಲ್ಲಿಯೂ ಅಡಗಲಾರದು. ಅಡಗಲು ನೀರು ಕುಗ್ಗುವುದಿಲ್ಲವಲ್ಲ. ಮೇಲಕ್ಕೆ ಏರುವುದೊಂದೇ ಅದಕ್ಕೆ ಉಳಿದ ದಾರಿ. ನೀರಿನ ಒಳಗೆ ಇಲ್ಲದ ಶಿಲ್ಕು ನೀರಿನ ಮಟ್ಟದಲ್ಲಿ ಕಾಣಿಸಿಕೊಳ್ಳುತ್ತದೆ. ಮಾರುತಿಯ ಸೊಂಟದಿಂದ ಎದೆಗೆ ಏರುವ ಗೆರೆಯೇ ಆ ಶಿಲ್ಕು. ಹೊಳೆಯ ಈ ಲೆಕ್ಕಕ್ಕೆ ಬೇಕಾದ ಸಮೀಕರಣವನ್ನು 1871ರಲ್ಲಿ ಫ್ರಾನ್ಸಿನ ಸಾಂ ವೆನಾಂ ಎಂಬ ಇಂಜಿನಿಯರು ಕೊಟ್ಟರು.

ನಮ್ಮ ತಪ್ಪೂ ಇಲ್ಲಿಯೇ ಇತ್ತು. ನೀರು ಎಷ್ಟು ವೇಗವಾಗಿ ಹರಿಯುವುದೆಂದು ನೋಡಿದೆವು. ಏರಿಕೆ ಎಷ್ಟು ವೇಗವಾಗಿ ಬರುವುದೆಂದು ನೋಡಲಿಲ್ಲ. ಅಗಲವಾದ ಹೊಳೆಯಲ್ಲಿ ಪ್ರವಾಹದ ಅಲೆಯು ನೀರಿಗಿಂತ ಮುಂದಾಗಿ, ಸುಮಾರು ಮೂರಕ್ಕೆ ಐದರ ಪ್ರಮಾಣದಲ್ಲಿ ಓಡುತ್ತದೆ. ನೀರಿನದು ಸೆಕೆಂಡಿಗೆ ಮೂರು ಮೀಟರ್ ಆದರೆ ಅಲೆಯದು ಐದು. ಹದಿನೈದು ಕಿಲೋಮೀಟರ್ ದಾರಿಗೆ ಐವತ್ತೇ ನಿಮಿಷ! ಉಳಿದ ಅರ್ಧ ಗಂಟೆಯಲ್ಲಿ ಒಬ್ಬ ಮನುಷ್ಯನ ಪ್ರಾಣವೇ ಅಡಗಿತ್ತು.

ಇನ್ನು ಲೆಕ್ಕದ ಗಾತ್ರವನ್ನು ನೋಡಿರಿ. ಹದಿನೈದು ಕಿಲೋಮೀಟರ್ ಉದ್ದ, ಇನ್ನೂರು ಮೀಟರ್ ಅಗಲದ ಹೊಳೆಯನ್ನು ಹತ್ತು ಮೀಟರಿನ ಚೌಕಗಳಾಗಿ ಭಾಗಿಸಿದರೆ 30,000 ಮನೆಗಳಾಗುತ್ತವೆ. ಕಾಲವನ್ನೂ ಹೆಜ್ಜೆಗಳಾಗಿ ಭಾಗಿಸಬೇಕು, ಮತ್ತು ಹೆಜ್ಜೆ ಉದ್ದವಾಗಬಾರದು. ಊಟದ ವೇಳೆ ಸೂಪರ್‌ವೈಸರನು ಅರ್ಧ ಗಂಟೆಗೊಮ್ಮೆ ಮಾತ್ರ ತಲೆಯೆತ್ತಿ ನೋಡಿದರೆ, ಅಷ್ಟರಲ್ಲಿ ಒಂದು ಮೇಜಿನ ಗಿರಾಕಿ ಎದ್ದು ಮತ್ತೊಬ್ಬನು ಕುಳಿತು ಅವನೂ ಎದ್ದಿರುತ್ತಾನೆ. ಬಿಲ್ಲುಗಳೆಲ್ಲ ಅದಲುಬದಲಾಗುವುದು ಖಂಡಿತ. ಅಂತೆಯೇ ಅಲೆಯು ಒಂದು ಹೆಜ್ಜೆಯಲ್ಲಿ ಒಂದು ಮನೆಗಿಂತ ಹೆಚ್ಚು ದೂರ ಹಾರಬಾರದೆಂಬ ನಿಯಮವನ್ನು ಕೂರಾಂಟ್, ಫ್ರೀಡ್ರಿಕ್ಸ್, ಲೇವಿ ಎಂಬ ಮೂವರು 1928ರಲ್ಲಿ ಸಾರಿದರು. ಐದು ಮೀಟರ್ ಆಳದ ಹೊಳೆಯ ಅತಿ ವೇಗದ ಕಿರುಅಲೆ, ಹರಿವಿನೊಡನೆ ಕೂಡಿ, ಸೆಕೆಂಡಿಗೆ ಸುಮಾರು ಹತ್ತು ಮೀಟರ್ ಓಡುವುದರಿಂದ ನಮ್ಮ ಹೆಜ್ಜೆ ಒಂದು ಸೆಕೆಂಡಿಗೆ ಮೀರುವಂತಿಲ್ಲ. ಆರು ಗಂಟೆಗಳ ನೆರೆಗೆ 21,600 ಹೆಜ್ಜೆಗಳು. ಗುಣಿಸಿದರೆ 64 ಕೋಟಿ 80 ಲಕ್ಷ ಮನೆಲೆಕ್ಕಗಳು. ನಿಮಿಷಕ್ಕೊಂದು ಲೆಕ್ಕ ಮಾಡುವ ಗುಮಾಸ್ತನು ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ ಮುನ್ನೂರು ದಿನ ದುಡಿದರೆ ಮುಗಿಸಲು 4,500 ವರ್ಷಗಳು ಬೇಕು. ಚೌಕದ ಅಳತೆಯನ್ನು ಅರ್ಧಕ್ಕೆ ಇಳಿಸಿದರೆ ಕೆಲಸ ಎಂಟು ಪಟ್ಟು.

ಗಾಳಿಯ ಮೇಲೆ ಇಂಥ ಲೆಕ್ಕವನ್ನು ಕೈಯಿಂದಲೇ ಮಾಡಿದ ಸಾಹಸಿ ಬ್ರಿಟನ್ನಿನ ಲೂಯಿಸ್ ರಿಚರ್ಡ್‌ಸನ್. ಮೊದಲನೆಯ ಮಹಾಯುದ್ಧದಲ್ಲಿ ಗಾಯಾಳುಗಳ ಗಾಡಿ ನಡೆಸುತ್ತ, ಆರು ಗಂಟೆಗಳ ಹವೆಯನ್ನು ಲೆಕ್ಕ ಹಾಕಿದರು. ಉತ್ತರ ಪೂರಾ ತಪ್ಪಾಯಿತು. 1922ರ ತಮ್ಮ ಪುಸ್ತಕದಲ್ಲಿ ಆ ತಪ್ಪನ್ನು ಮುಚ್ಚಿಡದೆ ಅಚ್ಚು ಹಾಕಿಸಿದರು. ಅರುವತ್ತನಾಲ್ಕು ಸಾವಿರ ಜನ ಒಂದೇ ಸಭಾಂಗಣದಲ್ಲಿ ಕುಳಿತು ಲೆಕ್ಕ ಮಾಡಿದರೆ ಹವೆಯೊಡನೆ ಹೆಜ್ಜೆ ಹಾಕಬಹುದೆಂದು ಕನಸು ಕಂಡರು. ಆ ಕನಸಿನ ಒಂದು ರೂಪ ನಮ್ಮ ಬೆಂಗಳೂರಿನಲ್ಲಿ ನನಸಾಯಿತು. 1986ರಲ್ಲಿ ಅಲ್ಲಿಯ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯಲ್ಲಿ, ಅನೇಕ ಸಣ್ಣ ಗಣಕಗಳು ಕೆಲಸ ಹಂಚಿಕೊಂಡು ದುಡಿಯುವ 'ಫ್ಲೋಸಾಲ್ವರ್' ಎಂಬ ಯಂತ್ರ ಸಿದ್ಧವಾಯಿತು. ಹರಿವಿನ ಲೆಕ್ಕ ಬಿಡಿಸುವುದೇ ಅದರ ಹೆಸರಿನ ಅರ್ಥ. ಆಗ ಪ್ರಯೋಗಶಾಲೆಯ ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ (1933–2020). ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಬೋಧಿಸಿ, ಕನ್ನಡದಲ್ಲಿ ವಿಜ್ಞಾನ ಬರೆದ ಆರ್.ಎಲ್. ನರಸಿಂಹಯ್ಯನವರ ಮಗ.

ನೀರಿನ ಲೆಕ್ಕಕ್ಕೂ ಕನ್ನಡಿಗರಿಗೂ ಈ ನಾಡಿನಲ್ಲಿ ಹಳೆಯ ನಂಟು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಸರಕಾರದ ಸಹಾಯಕ ಇಂಜಿನಿಯರಾಗಿ ಕೆಲಸ ಆರಂಭಿಸಿದ್ದು ಈ ನಾಸಿಕದಲ್ಲಿಯೇ. ನಮ್ಮಂತೆಯೇ ಊರು ಬಿಟ್ಟು ಬಂದವರು. ಅವರ ಕಾಲಕ್ಕೆ ಗಣಕವಿರಲಿಲ್ಲ. ಅನಂತರದ ಪೀಳಿಗೆಯವರು ಹೊಳೆಯ ಪುಟ್ಟ ಪ್ರತಿಕೃತಿಯನ್ನು ಕಟ್ಟಿ, ನೀರು ಹರಿಸಿ ನೋಡಿದರು. ಪುಣೆಯ ಬಳಿಯ ಖಡಕ್‌ವಾಸಲೆಯ ಕೇಂದ್ರದಲ್ಲಿಯೂ, 1959ರಲ್ಲಿ ನಾಸಿಕದಲ್ಲಿ ಸ್ಥಾಪಿತವಾದ 'ಮೇರಿ' ಸಂಸ್ಥೆಯಲ್ಲಿಯೂ ಇಂಥ ಪ್ರತಿಕೃತಿಗಳ ಕೆಲಸ ನಡೆದುಬಂದಿದೆ. ಗಣಕ ಬಂದರೂ ಅವು ವ್ಯರ್ಥವಾಗಿಲ್ಲ. ಒಂದು ಹೇಳಿದ್ದನ್ನು ಇನ್ನೊಂದು ಪರಿಶೀಲಿಸುತ್ತದೆ.

ಯಂತ್ರ ಎಷ್ಟೇ ದೊಡ್ಡದಾಗಲಿ, ತಪ್ಪು ವೋಚರಿನಿಂದ ಸರಿಯಾದ ಲೆಕ್ಕ ಹುಟ್ಟದು. ಹೊಳೆಯ ತಳ ಎಲ್ಲಿ ಎಷ್ಟು ಆಳ, ದಂಡೆಯ ಗಿಡಗಂಟಿ ಎಷ್ಟು ತಡೆಯುವುದು, ಹೊಸ ಸೇತುವೆಯ ಕಂಬ ಎಲ್ಲಿ ನಿಂತಿದೆ, ಇವು ತಿಳಿಯದೆ ಹಾಕಿದ ಲೆಕ್ಕ ಅಂದದ ಚಿತ್ರವಷ್ಟೆ. ಅದು ಸರಿಯೆ ಎಂದು ನೋಡಲು ಹಿಂದಿನ ನೆರೆಯ ನೀರು ನಿಜವಾಗಿ ಎಲ್ಲಿಯವರೆಗೆ ಬಂದಿತ್ತೆಂಬ ಸಾಕ್ಷ್ಯ ಬೇಕು.

ಆ ಸಾಕ್ಷ್ಯವನ್ನು ನಾವು ಕೊಡಬಲ್ಲೆವು. ಓಣಿಗೆ ನೀರು ಬಂದರೆ, ಪ್ರಾಣ ಕಾಪಾಡಿಕೊಂಡ ಮೇಲೆ, ಗೋಡೆಯ ಮೇಲೆ ನೀರಿನ ಗೆರೆಯನ್ನು ಬಣ್ಣದಿಂದ ಗುರುತಿಸಿ ತಾರೀಖು, ಗಂಟೆ ಬರೆದಿಡಿರಿ. ನದೀತೀರದಲ್ಲಿ ಅಂಗಡಿ ಅಥವಾ ಕೋಣೆ ಹಿಡಿಯುವ ಮೊದಲು, ಅದು ನೀಲಿ ರೇಖೆಯ ಒಳಗೋ ಕೆಂಪು ರೇಖೆಯ ಒಳಗೋ ಎಂದು ವಿಚಾರಿಸಿರಿ. ಇಪ್ಪತ್ತೈದು ವರ್ಷಕ್ಕೊಮ್ಮೆ ಮತ್ತು ನೂರು ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಮಟ್ಟವನ್ನು ಲೆಕ್ಕ ಹಾಕಿ ಎಳೆದ ರೇಖೆಗಳವು. ಇಪ್ಪತ್ತೈದು ವರ್ಷಕ್ಕೊಮ್ಮೆ ಎಂದರೆ ಇನ್ನು ಇಪ್ಪತ್ತೈದು ವರ್ಷ ನಿಶ್ಚಿಂತೆ ಎಂದಲ್ಲ. ಪ್ರತಿ ವರ್ಷವೂ ನೂರಕ್ಕೆ ನಾಲ್ಕರ ಸಂಭವ ಎಂದು. ಪೈಠಣದ ಮಿತ್ರರೂ ಕೇಳಲಿ: ನಾಸಿಕವನ್ನು ದಾಟಿದ ಗೋದಾವರಿಯೇ ಜಾಯಕವಾಡಿಯ ನಾಥಸಾಗರವನ್ನು ಸೇರುವುದು, ಅದರ ಇಪ್ಪತ್ತೇಳು ಬಾಗಿಲುಗಳಲ್ಲಿ ಎಷ್ಟನ್ನು ಯಾವಾಗ ತೆರೆಯಬೇಕೆಂಬುದೂ ಇದೇ ಜಮಾ-ಖರ್ಚಿನ ಪ್ರಶ್ನೆ. ಸುದ್ದಿಯಲ್ಲಿ ಬರುವ ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು ಇಪ್ಪತ್ತೆಂಟು ಲೀಟರ್ ನೀರು. ಹತ್ತು ಸಾವಿರ ಕ್ಯೂಸೆಕ್ ಬಿಟ್ಟರೆಂದು ಕೇಳಿದಾಗ ಗುಣಿಸಿ ನೋಡಿರಿ. ಗಿರಾಕಿಯ ಕಾಫಿ ಆಮೇಲಾಗಲಿ, ಮೊದಲು ಮೆಟ್ಟಿಲು ಹತ್ತಿರಿ.